ಸನ್ಯಾಸಿ ಬಿಲ್ಲೆ

ಜನವರಿ 9

ಗುಬ್ಬೀ,

ಇಲ್ಲಿ ಎಲ್ಲರೂ ಕ್ಷೇಮ ಅಂತ ಶುರು ಮಾಡುವುದು ವಾಡಿಕೆ. ಈ ಸಲ ಅದನ್ನು ಬಿಟ್ಟಿದ್ದೇನೆ, ಯಾಕೆ ಅಂತ ಓದುತ್ತಾ ಗೊತ್ತಾಗುತ್ತದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಹೂಂ, ಹೂಂ’ ಅನ್ನುತ್ತಾ ಇನ್ಯಾರದೋ ಸುದ್ದಿಗೆ ತಲೆಬರಹ ಹುಡುಕುತ್ತಿರುತ್ತೀಯ. ಕಾಗದಕ್ಕಾದರೆ ಕೂತು ಉತ್ತರ ಬರೆಯಬೇಕಾಗುತ್ತದೆ. ಅಲ್ಲದೆ ಮನೆಯಲ್ಲಿ ಮಾತಾಡಿದರೆ ನಿಮ್ಮ ಭಾವನ ಕಿವಿಗೆ ಬೀಳುತ್ತದೆ.

ಮೊದಲು ನಿನ್ನ ಪತ್ರಿಕೆಯನ್ನು ಬೈದುಬಿಡುತ್ತೇನೆ. ಮೂರು ವಾರದಿಂದ ಮೊಬೈಲ್ ಟವರಿನದೇ ಸುದ್ದಿ. ‘ಮಕ್ಕಳ ಮೇಲೆ ಮೃತ್ಯುಕಿರಣ’ ಅನ್ನುವ ತಲೆಬರಹ ನಿನ್ನದೇ ಇರಬೇಕು, ಚಿಕ್ಕಂದಿನಿಂದಲೂ ನಿನಗೆ ಪ್ರಾಸದ ಹುಚ್ಚು. ಟವರಿನ ಕೆಳಗೆ ದಿನಾ ನೂರು ಜನ ಧರಣಿ ಕೂರುತ್ತಾರೆ, ಕೂತವರೆಲ್ಲ ಮೊಬೈಲ್ ಹಿಡಿದು ತಮ್ಮ ಧರಣಿಯನ್ನು ತಾವೇ ಚಿತ್ರ ತೆಗೆದುಕೊಳ್ಳುತ್ತಾರೆ. ಔಷಧಿ ಅಂಗಡಿಯವನು ಫೋನಿನ ಬೆನ್ನಿಗೆ ಅಂಟಿಸುವ ‘ವಿಕಿರಣ ತಡೆ’ ಸ್ಟಿಕ್ಕರ್ ಮಾರುತ್ತಿದ್ದಾನೆ. ‘ಮೇಡಂ, ನೀವು ಅದೇ ಇಲಾಖೆಯವರಲ್ವಾ, ನಿಮಗೆ ಎರಡು ಕೊಡ್ಲಾ?’ ಅಂತ ನನ್ನನ್ನೂ ಕೇಳಿದ.

ಹದಿನಾರು ವರ್ಷದಿಂದ ನಾನು ಏನು ಕೆಲಸ ಮಾಡುತ್ತೇನೆ ಅಂತ ನೀನು ಒಂದು ಸಲವೂ ಸರಿಯಾಗಿ ಕೇಳಿಲ್ಲ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ನಮ್ಮ ಕಾರ್ಖಾನೆಯಲ್ಲಿ ಬಾಯ್ಲರುಗಳ ಬೆಸುಗೆ ಗಟ್ಟಿಯಾಗಿದೆಯೇ ಅಂತ ತಿಳಿಯಲು ಒಳಗಿನ ಚಿತ್ರ ತೆಗೆಯುತ್ತಾರೆ, ಆಸ್ಪತ್ರೆಯಲ್ಲಿ ಮೂಳೆಯದು ತೆಗೆದ ಹಾಗೆ. ಅದಕ್ಕೆ ವಿಕಿರಣ ಸೂಸುವ ಒಂದು ಸಣ್ಣ ತುಂಡು ಬೇಕು, ನಮ್ಮವರು ಅದನ್ನು ಬಟಾಣಿ ಅನ್ನುತ್ತಾರೆ. ಮೂರು ಬಟಾಣಿ, ಮೂರು ಸೀಸದ ಡಬ್ಬಿ. ಚಿತ್ರ ತೆಗೆಯುವವರು ಹದಿನೆಂಟು ಜನ, ಅವರಲ್ಲಿ ಹಿರಿಯರು ನಿಮ್ಮ ಭಾವ. ಒಬ್ಬೊಬ್ಬರ ಎದೆಯ ಮೇಲೂ ಒಂದು ಬಿಲ್ಲೆ. ಮೈಗೆ ಎಷ್ಟು ತಾಗಿತು ಅಂತ ಆ ಬಿಲ್ಲೆ ನೆನಪಿಟ್ಟುಕೊಳ್ಳುತ್ತದೆ. ಸಂಜೆ ಅದನ್ನು ಗೇಟಿನ ಹಲಗೆಗೆ ತೂಗುಹಾಕಿ ಮನೆಗೆ ಹೋಗುತ್ತಾರೆ. ಮೂರು ತಿಂಗಳಿಗೊಮ್ಮೆ ನಾನು ಎಲ್ಲವನ್ನೂ ಯಂತ್ರದಲ್ಲಿ ಕಾಯಿಸಿ ಓದಿ, ಬಂದ ಅಂಕಿ ಬರೆದು ಸಹಿ ಹಾಕುತ್ತೇನೆ.

ಹತ್ತೊಂಬತ್ತನೆಯ ಬಿಲ್ಲೆ ಒಂದಿದೆ. ಅದನ್ನು ಯಾರೂ ಹಾಕಿಕೊಳ್ಳುವುದಿಲ್ಲ. ಮಣ್ಣಿನಿಂದ, ಆಕಾಶದಿಂದ ಎಲ್ಲರಿಗೂ ಅಷ್ಟಿಷ್ಟು ವಿಕಿರಣ ತಾಗುತ್ತಲೇ ಇರುತ್ತದೆ. ಅದು ಎಷ್ಟು ಅಂತ ಈ ಬಿಲ್ಲೆ ಹೇಳುತ್ತದೆ, ಅಷ್ಟನ್ನು ಉಳಿದ ಹದಿನೆಂಟರಿಂದಲೂ ಕಳೆಯಬೇಕು. ಏನೂ ಮಾಡದೆ, ಎಲ್ಲೂ ಹೋಗದೆ ನನ್ನ ಕಪಾಟಿನಲ್ಲಿ ಕೂತಿರುತ್ತದೆ ಅಂತ ಅದಕ್ಕೆ ಸನ್ಯಾಸಿ ಎಂದು ಹೆಸರು.

ಆರು ವರ್ಷದ ಹಿಂದೆ ನನ್ನ ಕೋಣೆಗೆ ಬಣ್ಣ ಹೊಡೆದಾಗ ಕಪಾಟನ್ನು ಉತ್ತರದ ಗೋಡೆಗೆ ಸರಿಸಿದವಳು ನಾನೇ. ಬಿಲ್ಲೆಗೆ ಬಿಸಿ ಆಗದು, ಆ ಗೋಡೆ ತಂಪು. ಗೋಡೆಯ ಆಚೆ ಆಗ ಕಾಗದಪತ್ರದ ಉಗ್ರಾಣವಿತ್ತು. ಮರುವರ್ಷ ಉಗ್ರಾಣ ಮಹಡಿಗೆ ಹೋಯಿತು, ಅಲ್ಲಿಗೆ ಬಟಾಣಿಗಳು ಬಂದವು. ಡಬ್ಬಿಯೊಳಗಿದ್ದರೂ ಒಂದಿಷ್ಟು ಹೊರಗೆ ಸೋರುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊಳೆಯಲಿಲ್ಲ.

ಹಳೆಯ ಯಂತ್ರ ತಾನೇ ಕಳೆದು ಉತ್ತರವನ್ನಷ್ಟೇ ಕೊಡುತ್ತಿತ್ತು. ಹೋದ ವಾರ ಹೊಸದು ಬಂತು, ಅದಕ್ಕೆ ಸನ್ಯಾಸಿಯ ಅಂಕಿಯನ್ನು ಕೈಯಲ್ಲಿ ಒತ್ತಬೇಕು. ಒತ್ತಲು ಹೋದಾಗ ನೋಡಿದೆ. ಸನ್ಯಾಸಿಗೆ ತಾಗಿರುವುದು ನಿಮ್ಮ ಭಾವನಿಗೆ ತಾಗಿರುವುದಕ್ಕಿಂತ ಹೆಚ್ಚು. ಐದು ವರ್ಷ ಎಲ್ಲರ ಬಿಲ್ಲೆಯಿಂದಲೂ ಅದನ್ನು ಕಳೆದು, ಎಲ್ಲರಿಗೂ ಸೊನ್ನೆ ಬರೆದು ಸಹಿ ಹಾಕಿದ್ದೇನೆ. ಆ ಸೊನ್ನೆಗಳಿಗಾಗಿಯೇ ಕಾರ್ಖಾನೆ ಅವರಿಗೆಲ್ಲ ಗೋಡೆ ಗಡಿಯಾರ ಕೊಟ್ಟಿತು. ನಿಮ್ಮ ಭಾವನನ್ನು ಸೊನ್ನೆ ಸರದಾರ ಅಂತ ಕರೆಯುತ್ತಾರೆ, ಇವರು ಉಬ್ಬಿಹೋಗುತ್ತಾರೆ. ಬೇಲಿಯೇ ಎದ್ದು ಹೊಲ ಮೇಯ್ದಿದೆ, ಆ ಬೇಲಿ ನೆಟ್ಟವಳು ನಾನು.

ಯಾರೂ ನಾಳೆ ಸಾಯುವುದಿಲ್ಲ. ಆದರೆ ಹದಿನೆಂಟು ಜನಕ್ಕೂ ವಿಷಯ ತಿಳಿಯಬೇಕು, ರಕ್ತ ಪರೀಕ್ಷೆ ಆಗಬೇಕು, ನಿಮ್ಮ ಭಾವನನ್ನಂತೂ ಆ ಕೆಲಸದಿಂದ ಬೇರೆಡೆಗೆ ಹಾಕಬೇಕು. ಮ್ಯಾನೇಜರಿಗೆ ಹೇಳಿದೆ. ಕಪಾಟನ್ನು ಅವತ್ತೇ ದಕ್ಷಿಣದ ಗೋಡೆಗೆ ಸರಿಸಿದರು. ‘ಸರಿಹೋಯ್ತಲ್ಲ, ಇನ್ನೇನು?’ ಅಂದರು. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಹತ್ತು ಸಾಲು, ಹೆದರಿಸದ ಹಾಗೆ, ಇದ್ದದ್ದು ಇದ್ದ ಹಾಗೆ ಹಾಕಿಸುತ್ತೀಯಾ?

ನಿನ್ನ ಅಕ್ಕ


ಜನವರಿ 28

ಅಕ್ಕಾ,

ತಡವಾಯಿತು. ಬೈಯಬೇಡ, ಮೂರು ಸಲ ಬರೆದು ಹರಿದೆ.

ತಲೆಬರಹ ನನ್ನದೇ. ಅದಕ್ಕೆ ನಮ್ಮ ಸಂಪಾದಕರು ಬೆನ್ನು ತಟ್ಟಿದರು. ಅವರನ್ನು ಇಲ್ಲಿ ಎಲ್ಲರೂ ಮೀಸೆ ಅನ್ನುತ್ತೇವೆ, ಬೆನ್ನು ತಟ್ಟುವಾಗ ಮಾತ್ರ ಅದು ಅಲ್ಲಾಡುತ್ತದೆ.

ನಿನ್ನ ವಿಷಯ ಹೇಳಿದೆ. ‘ಯಾರಾದ್ರೂ ಸತ್ತಿದಾರಾ?’ ಅಂದರು. ಇಲ್ಲ ಅಂದೆ. ‘ಕಾಯಿಲೆ?’ ಗೊತ್ತಿಲ್ಲ ಸಾರ್, ಪರೀಕ್ಷೆ ಮಾಡಿಸಬೇಕು ಅನ್ನೋದೇ ಸುದ್ದಿ ಅಂದೆ. ‘ಹಂಗಾದ್ರೆ ಕಪಾಟು ಆ ಗೋಡೆಗಿತ್ತು, ಈಗ ಈ ಗೋಡೆಗಿದೆ. ಇದನ್ನ ಓದೋರು ಯಾರಪ್ಪಾ, ಬಡಗೀನಾ?’ ಅಂದರು. ಸುತ್ತ ಕೂತವರು ನಕ್ಕರು. ನಾನೂ ನಕ್ಕೆ ಅಕ್ಕಾ, ಅದನ್ನು ಮುಚ್ಚಿಡುವುದಿಲ್ಲ.

ಟವರ್ ಸುದ್ದಿ ಇನ್ನೆರಡು ವಾರ ಓಡುತ್ತದಂತೆ. ಆಮೇಲೆ ನೋಡೋಣ ಅಂದಿದ್ದಾರೆ. ಅಷ್ಟರಲ್ಲಿ ಕಾಗದಪತ್ರದ ಪ್ರತಿ ಕಳಿಸು. ಭಾವನಿಗೆ ಹೇಳಿದೆಯಾ?

ಗುಬ್ಬಿ


ಫೆಬ್ರುವರಿ 17

ಗುಬ್ಬೀ,

ನೀನು ಕೇಳಿದ ಪ್ರತಿಗಳನ್ನು ಇದರ ಜೊತೆ ಇಟ್ಟಿದ್ದೇನೆ.

ಇವರಿಗೆ ಹೇಳಿದೆ. ಮೂರು ದಿನ ಮಾತು ಬಾಯಿಗೆ ಬಂದು ಬಂದು ವಾಪಸು ಹೋಗುತ್ತಿತ್ತು. ನಾಲ್ಕನೆಯ ದಿನ ಬೂಟಿಗೆ ಪಾಲಿಶ್ ಹಾಕುತ್ತಾ ಕೂತಿದ್ದಾಗ ಹೇಳಿಬಿಟ್ಟೆ. ಪಾಲಿಶ್ ಮುಗಿಸಿ, ಡಬ್ಬಿಯ ಮುಚ್ಚಳ ಹಾಕಿ, ‘ಹಂಗಾದ್ರೆ ನನ್ನ ಸೊನ್ನೆ ಸೊನ್ನೆ ಅಲ್ವಾ?’ ಅಂದರು. ಮೈಗೆ ಏನಾಯಿತು ಅಂತ ಕೇಳಲಿಲ್ಲ. ಸೊನ್ನೆ ಹೋಯಿತಲ್ಲ ಅಂತ ಮುಖ ಸಣ್ಣದಾಯಿತು. ಆಮೇಲೆ ನಗು ಬರಿಸಿಕೊಂಡು, ‘ನಾನು ಗುಂಡುಕಲ್ಲು ಇದ್ದಂಗಿದೀನಿ ಕಣೆ. ನೀನು ಲೆಕ್ಕ ತಪ್ಪಿದ್ದಕ್ಕೆ ಹದಿನೆಂಟು ಮನೆಯ ಒಲೆಗೆ ನೀರು ಹಾಕ್ಬೇಡ’ ಅಂದರು.

ಗುಂಡುಕಲ್ಲಂತೆ. ಮಹಡಿ ಹತ್ತಿದರೆ ನಾಲ್ಕು ಮೆಟ್ಟಿಲಿಗೊಮ್ಮೆ ನಿಲ್ಲುತ್ತಾರೆ. ವಯಸ್ಸೇ ಇರಬಹುದು. ಆದರೆ ನನಗೆ ಈಗ ಎಲ್ಲವೂ ಅದೇ ಅನ್ನಿಸುತ್ತದೆ. ಕೆಮ್ಮಿದರೆ ಅದೇ, ಊಟ ಬಿಟ್ಟರೆ ಅದೇ.

ನಿನ್ನೆ ಟವರ್ ಇಳಿಸಿದರು. ಕ್ರೇನು ಬಂದಿತ್ತು, ಮಕ್ಕಳಿಗೆ ಶಾಲೆ ರಜೆ, ಚಪ್ಪಾಳೆಯೋ ಚಪ್ಪಾಳೆ. ಅದರಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ ಅಂತ ಪಕ್ಕದ ಮನೆಯಾಕೆಗೆ ಮೆಲ್ಲಗೆ ಹೇಳಿದೆ. ‘ನಿಮಗೆ ಕಂಪನಿಯಿಂದ ಏನಾದ್ರೂ ಬರತ್ತಾ?’ ಅಂತ ಕೇಳಿದಳು. ಈಗ ಅವಳಿಗೆ ಫೋನ್ ಸಿಗ್ನಲ್ ಸಿಗುತ್ತಿಲ್ಲವಂತೆ, ಅದಕ್ಕೊಂದು ಧರಣಿ ಆಗಬೇಕು ಅನ್ನುತ್ತಿದ್ದಾಳೆ.

ಹತ್ತೇ ಸಾಲು, ಗುಬ್ಬೀ.

ನಿನ್ನ ಅಕ್ಕ


ಮಾರ್ಚ್ 6

ಅಕ್ಕಾ,

ಇವತ್ತಿನ ಪತ್ರಿಕೆ ಇದರ ಜೊತೆ ಇದೆ. ನಾಲ್ಕನೆಯ ಪುಟದ ಮೇಲ್ಭಾಗ. ನೀನು ಕೇಳಿದ ಹತ್ತು ಸಾಲೂ ಒಳಗೆ ಇದೆ, ಒಂದಕ್ಷರ ಬದಲಿಲ್ಲ. ತಲೆಬರಹ ನೋಡಿ ಕೋಪ ಮಾಡಿಕೊಳ್ಳಬೇಡ. ‘ಕಾರ್ಖಾನೆಯಲ್ಲಿ ಸಾವಿನ ಕಪಾಟು?’ ಅಂತ ಮೀಸೆ ಹಾಕಿಸಿದರು. ಪ್ರಶ್ನಾರ್ಥಕ ಚಿಹ್ನೆ ಇದೆ, ಗಮನಿಸು. ಚಿತ್ರ ಬೇಕೇಬೇಕು ಅಂದರು, ಬೇರೆ ಇರಲಿಲ್ಲ, ಅದಕ್ಕೆ ಟವರಿನದು.

ಏನೋ ಒಂದು, ಬಂತಲ್ಲ.

ಗುಬ್ಬಿ


ಮಾರ್ಚ್ 30

ಗುಬ್ಬೀ,

ಬಂತು. ಏನೇನು ಬಂತು ಅಂತ ಹೇಳುತ್ತೇನೆ.

ಮೊದಲು ಟಿವಿಯವರು ಬಂದರು. ಗೇಟಿನ ಹೊರಗೆ ನಿಂತು ಸಿಕ್ಕಿದ ಗೋಡೆಯನ್ನು ಚಿತ್ರ ತೆಗೆದುಕೊಂಡು ಹೋದರು. ಅದು ಕ್ಯಾಂಟೀನಿನ ಗೋಡೆ. ಸಂಜೆ ಅದರ ಸುತ್ತ ಕೆಂಪು ವೃತ್ತ ಹಾಕಿ ತೋರಿಸಿದರು. ನಾಲ್ಕು ಚೌಕದಲ್ಲಿ ನಾಲ್ಕು ಜನ ಕೂತು ಕೂಗಾಡಿದರು. ಒಬ್ಬ ಊರೇ ಖಾಲಿ ಮಾಡಬೇಕು ಅಂದ, ಇನ್ನೊಬ್ಬ ಬಾಳೆಹಣ್ಣಿನಲ್ಲೂ ವಿಕಿರಣ ಇದೆ ಅಂದ. ಇಬ್ಬರಿಗೂ ಹದಿನೆಂಟು ಜನ ಬೇಕಾಗಿರಲಿಲ್ಲ. ಮರುದಿನದಿಂದ ಕ್ಯಾಂಟೀನಿಗೆ ಯಾರೂ ಹೋಗುತ್ತಿಲ್ಲ. ನನ್ನ ಉತ್ತರದ ಗೋಡೆಗೆ ಒರಗಿ ಊಟ ಮಾಡುತ್ತಾರೆ, ಅಲ್ಲಿ ತಂಪಂತೆ. ಏಳಿಸಲು ಹೋದರೆ, ‘ಟಿವೀಲಿ ತೋರಿಸಿದ್ದು ಆ ಗೋಡೆ ಕಣಮ್ಮಾ’ ಅನ್ನುತ್ತಾರೆ.

ಆಮೇಲೆ ಕಾರ್ಖಾನೆಯ ಹೇಳಿಕೆ ಬಂತು. ‘ಐದು ವರ್ಷಗಳ ಎಲ್ಲ ಅಳತೆಗಳೂ ಸೊನ್ನೆ. ನಮ್ಮದೇ ಪ್ರಯೋಗಾಲಯ ದೃಢೀಕರಿಸಿದೆ.’ ಕೆಳಗೆ ದೃಢೀಕರಣದ ಚಿತ್ರ, ಅದರ ಕೆಳಗೆ ನನ್ನ ಸಹಿ. ನಾನು ಯಾವುದನ್ನು ಸುಳ್ಳು ಅಂದೆನೋ ಅದಕ್ಕೆ ನನ್ನ ಸಹಿಯೇ ಸಾಕ್ಷಿ. ಹಳೆಯ ಯಂತ್ರ ಮೂಲ ಅಂಕಿಗಳನ್ನು ಉಳಿಸುತ್ತಿರಲಿಲ್ಲ, ಆದ್ದರಿಂದ ನಿಜ ಎಷ್ಟಿತ್ತು ಅಂತ ಇನ್ನು ದೇವರಿಗೂ ಗೊತ್ತಾಗುವುದಿಲ್ಲ.

ಪುರಭವನದಲ್ಲಿ ಒಂದು ಸಭೆ ಕರೆದೆ. ನೂರು ಕುರ್ಚಿ ಹಾಕಿಸಿದ್ದೆ, ಒಂಬತ್ತು ಜನ ಬಂದರು. ಟವರಿಗೆ ಬಂದ ನೂರರಲ್ಲಿ ಒಬ್ಬರೂ ಇರಲಿಲ್ಲ. ಕಾರ್ಖಾನೆ ಊರಾಚೆ ಇದೆಯಲ್ಲ, ಅಲ್ಲಿಯದು ಅಲ್ಲಿಗೇ ಅನ್ನುವುದು ಅವರ ಲೆಕ್ಕ. ಬಂದವರಲ್ಲಿ ಇಬ್ಬರು ಫ್ಯಾನಿನ ಕೆಳಗೆ ಕೂತು ನಿದ್ದೆ ಹೋದರು. ನಾನು ಅರ್ಧ ಗಂಟೆ ವಿವರಿಸಿದ ಮೇಲೆ ಒಬ್ಬರು ಎದ್ದು, ‘ಮನೇಲಿ ಫ್ರಿಜ್ಜು ತಲೆ ದಿಕ್ಕಿಗಿದೆ, ತೊಂದರೆ ಇಲ್ವಲ್ಲ?’ ಅಂದರು. ಇಲ್ಲ ಅಂದೆ. ಧನ್ಯವಾದ ಹೇಳಿ ಹೊರಟುಹೋದರು.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಒಳ್ಳೆಯವರು. ಹದಿನೆಂಟು ಜನರ ರಕ್ತ ಪರೀಕ್ಷೆಗೆ ಒಂದು ಬೆಳಿಗ್ಗೆ ಬಿಡುವು ಮಾಡಿಕೊಟ್ಟರು. ಹದಿನೆಂಟು ನಳಿಕೆಗಳಿಗೆ ಹೆಸರಿನ ಚೀಟಿ ನಾನೇ ಅಂಟಿಸಿದೆ. ಇಬ್ಬರು ಬಂದರು. ನಿಮ್ಮ ಭಾವ ಬರಲಿಲ್ಲ ಅನ್ನಲಾರೆ. ಬಂದಿದ್ದರು, ಆಸ್ಪತ್ರೆಯ ಗೇಟಿನ ಹೊರಗೆ, ನನ್ನನ್ನು ಕರೆದುಕೊಂಡು ಹೋಗಲು. ‘ಒಳಗೆ ಬನ್ನಿ, ಒಂದು ನಿಮಿಷದ ಕೆಲಸ’ ಅಂದೆ. ‘ಬಿಸಿಲಿದೆ, ಛತ್ರಿ ತಂದಿದೀನಿ, ನಡಿ’ ಅಂದರು. ಅವರ ಹೆಸರಿನ ಖಾಲಿ ನಳಿಕೆ ನನ್ನ ಚೀಲದಲ್ಲಿತ್ತು.

ಕೆಲಸದಲ್ಲಿ ಈಗ ನನ್ನ ಜೊತೆ ಯಾರೂ ಮಾತಾಡುವುದಿಲ್ಲ. ಕಾರ್ಖಾನೆ ಮುಚ್ಚಿಸಲು ಹೊರಟವಳು ಅಂತ. ನಿನ್ನ ಪ್ರಶ್ನಾರ್ಥಕ ಚಿಹ್ನೆಯನ್ನು ಗಮನಿಸಿದೆ. ಬೇರೆ ಯಾರೂ ಗಮನಿಸಲಿಲ್ಲ.

ನಿನ್ನ ಅಕ್ಕ


ಏಪ್ರಿಲ್ 12

ಅಕ್ಕಾ,

ಒಂದು ಸುಳ್ಳು ಹೇಳಿದ್ದೆ. ಆ ತಲೆಬರಹ ಮೀಸೆಯದಲ್ಲ, ನನ್ನದು. ‘ಗಮನ ಸೆಳೆಯೋ ಹಂಗೆ ಏನಾದ್ರೂ ಕೊಡು, ಹಾಕ್ತೀನಿ’ ಅಂದರು. ನಾಲ್ಕು ಕೊಟ್ಟೆ, ಅದು ನಾಲ್ಕನೆಯದು. ಮೊದಲನೆಯದು ‘ಹದಿನೆಂಟು ಕಾರ್ಮಿಕರಿಗೆ ರಕ್ತ ಪರೀಕ್ಷೆ ಅಗತ್ಯ’ ಅಂತ ಇತ್ತು. ಓದುವಾಗಲೇ ಅವರಿಗೆ ಆಕಳಿಕೆ ಬಂತು. ಇನ್ನೊಮ್ಮೆ ಬರೆಯುತ್ತೇನೆ ಅಂತ ಮೊನ್ನೆ ಕೇಳಿದೆ. ‘ರೇಡಿಯೇಶನ್ ಮುಗೀತಪ್ಪಾ, ಜನಕ್ಕೆ ಸಾಕಾಗಿದೆ. ಈಗ ಬೀದಿನಾಯಿ’ ಅಂದರು.

ಇದು ಇರಲಿ. ನಾನು ಬರೆಯಲು ಕೂತದ್ದು ಬೇರೆಯದಕ್ಕೆ. ನಿನ್ನೆ ನಿನ್ನ ಕಾಗದಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಓದಿದೆ. ಹದಿನೆಂಟು ಜನರ ಬಿಲ್ಲೆ ಇದೆ, ಸನ್ಯಾಸಿ ಇದೆ, ಕಪಾಟು ಇದೆ, ಗೋಡೆ ಇದೆ. ಆ ಕೋಣೆಯಲ್ಲಿ ದಿನವೆಲ್ಲ ಕೂರುವವಳ ಬಗ್ಗೆ ಒಂದು ಸಾಲೂ ಇಲ್ಲ.

ನಿನ್ನ ಕುರ್ಚಿ ಎಲ್ಲಿದೆ ಅಕ್ಕಾ? ನಿನಗೆ ಬಿಲ್ಲೆ ಇದೆಯಾ? ಅವತ್ತು ಆಸ್ಪತ್ರೆಯಲ್ಲಿ ಹತ್ತೊಂಬತ್ತನೆಯ ನಳಿಕೆ ಯಾಕೆ ಇರಲಿಲ್ಲ?

ಗುಬ್ಬಿ


ಮೇ 20

ಅಕ್ಕಾ,

ಐದು ವಾರ ಆಯಿತು. ಫೋನ್ ಮಾಡಿದರೆ ಭಾವ ಎತ್ತಿಕೊಂಡು, ‘ಚೆನ್ನಾಗಿದಾಳಪ್ಪ, ಕೆಲಸ ಜಾಸ್ತಿ’ ಅನ್ನುತ್ತಾರೆ. ಚಿಕ್ಕವರಿದ್ದಾಗ ಇಬ್ಬರೂ ಅಂಗಳದಲ್ಲಿ ಬಿದ್ದು ಮೊಣಕಾಲು ಕಿತ್ತುಕೊಂಡಾಗಲೆಲ್ಲ ನೀನು ನನ್ನ ಗಾಯ ತೊಳೆದು, ನಿನ್ನದನ್ನು ಲಂಗದಲ್ಲಿ ಮುಚ್ಚಿಕೊಳ್ಳುತ್ತಿದ್ದೆ. ಈಗಲೂ ಅದೇ ಬುದ್ಧಿ. ನನಗೆ ಭಯವಾಗುತ್ತಿದೆ. ಒಂದು ಸಾಲು ಬರಿ.

ಗುಬ್ಬಿ


ಜುಲೈ 3

ಗುಬ್ಬೀ,

ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ, ತಡೆದು ಓದು.

ನನ್ನ ಕುರ್ಚಿ ಉತ್ತರದ ಗೋಡೆಗೇ ಇದೆ. ಕಪಾಟನ್ನು ಸರಿಸಿದರು, ಕುರ್ಚಿಯನ್ನು ಸರಿಸಲಿಲ್ಲ. ಯಂತ್ರಕ್ಕೆ ಗ್ಯಾಸಿನ ಕೊಳವೆ ಆ ಮೂಲೆಯಿಂದಲೇ ಬರುತ್ತದೆ, ಯಂತ್ರ ಅಲ್ಲಿದ್ದರೆ ನಾನೂ ಅಲ್ಲಿರಬೇಕು. ಬಟಾಣಿಗಳನ್ನು ಬೇರೆ ಕಡೆ ಇಡುವ ಪ್ರಸ್ತಾವ ‘ಪರಿಶೀಲನೆಯಲ್ಲಿದೆ’. ನನಗೆ ಬಿಲ್ಲೆ ಇರಲಿಲ್ಲ. ನನ್ನದು ಕಚೇರಿ ಕೆಲಸ, ನಿಯಮದಲ್ಲಿ ನನಗೆ ಬಿಲ್ಲೆ ಇಲ್ಲ. ಊರವರ ಮೈಯನ್ನೆಲ್ಲ ಅಳೆಯುವವಳು ನನ್ನದನ್ನು ಅಳೆಯುವುದು ಮರೆತೆ. ಮರೆತೆ ಅನ್ನುವುದೂ ಪೂರ್ತಿ ನಿಜವಲ್ಲ. ಜನವರಿಯಲ್ಲಿ ನಿನಗೆ ಮೊದಲ ಕಾಗದ ಬರೆಯುವಾಗ ‘ಕಪಾಟು’ ಅಂತ ಬರೆದು, ಕಪಾಟು ಮೊದಲಿದ್ದ ಜಾಗದ ಪಕ್ಕದ ಕುರ್ಚಿಯಲ್ಲೇ ಕೂತು, ಒಂದು ಗಳಿಗೆ ಪೆನ್ನು ನಿಲ್ಲಿಸಿದ್ದೆ. ಹೆದರಿಕೆ ಆಯಿತು, ಮುಂದಿನ ಸಾಲಿಗೆ ಹೋದೆ.

ನಿನ್ನ ಕಾಗದ ಬಂದ ಮೇಲೆ ಪೆಟ್ಟಿಗೆಯಲ್ಲಿದ್ದ ಒಂದು ಹೆಚ್ಚುವರಿ ಬಿಲ್ಲೆಯನ್ನು ಕೋಟಿಗೆ ಸಿಕ್ಕಿಸಿಕೊಂಡೆ. ಡಾಕ್ಟರಮ್ಮನಿಗೆ ರಕ್ತವನ್ನೂ ಕೊಟ್ಟೆ. ಬಿಳಿ ಕಣ ಸ್ವಲ್ಪ ಕಡಿಮೆ ಇದೆಯಂತೆ. ‘ಇದರಿಂದಲೇ ಅಂತ ಹೇಳಕ್ಕಾಗಲ್ಲ, ಅಲ್ಲ ಅಂತಲೂ ಹೇಳಕ್ಕಾಗಲ್ಲ. ಮೂರು ತಿಂಗಳು ಬಿಟ್ಟು ಬನ್ನಿ’ ಅಂದರು. ಎಷ್ಟು ಕೇಳಿದರೂ ಅಷ್ಟೇ.

ಈ ನಡುವೆ ಆದದ್ದು ಕೇಳು. ಕಪಾಟು ಸರಿದ ಮೇಲಿನ ಮೊದಲ ಅಳತೆ ಏಪ್ರಿಲ್‌ನಲ್ಲಿ ಬಂತು. ಐದು ವರ್ಷದಲ್ಲಿ ಮೊದಲ ಸಲ ನಿಜವಾದ ಅಂಕಿ. ಇಬ್ಬರದು ಮಿತಿ ದಾಟಿತ್ತು, ಇವರದು ಮಿತಿಗೆ ಕೂದಲೆಳೆ ಕೆಳಗೆ. ಆ ಇಬ್ಬರನ್ನು ನಿಯಮದಂತೆ ಪ್ಯಾಕಿಂಗಿಗೆ ಹಾಕಿದರು. ಸರಿಯಾಯಿತು ಅಂದುಕೊಂಡೆ. ಮೇ ತಿಂಗಳಲ್ಲಿ ಪ್ಯಾಕಿಂಗನ್ನು ಗುತ್ತಿಗೆಗೆ ಕೊಟ್ಟು ಇಬ್ಬರನ್ನೂ ಮನೆಗೆ ಕಳಿಸಿದರು. ರಕ್ತ ಪರೀಕ್ಷೆಗೆ ಬಂದಿದ್ದವರು ಅವರಿಬ್ಬರೇ ಗುಬ್ಬೀ. ನನ್ನ ಮಾತು ಕೇಳಿದವರು ಅವರಿಬ್ಬರೇ.

ಉಳಿದವರು ಪಾಠ ಕಲಿತರು. ಈಗ ಯಾರೂ ಬಿಲ್ಲೆ ಹಾಕಿಕೊಂಡು ಚಿತ್ರ ತೆಗೆಯುವುದಿಲ್ಲ. ಒಬ್ಬ ಊಟದ ಡಬ್ಬಿಯಲ್ಲಿಡುತ್ತಾನೆ, ಒಬ್ಬ ಸೈಕಲ್ಲಿನ ಸೀಟಿನ ಕೆಳಗೆ. ಇವರು ಮನೆಗೇ ತಂದು ಗಡಿಯಾರದ ಮೊಳೆಗೆ ತೂಗುಹಾಕಿದ್ದಾರೆ. ಗೇಟಿನವನು ಖಾಲಿ ಹಲಗೆ ನೋಡಿ ಬೇರೆ ಕಡೆ ನೋಡುತ್ತಾನೆ.

ಮೊನ್ನೆ ಜೂನಿನ ಅಳತೆ ತೆಗೆದೆ. ಹದಿನಾರು ಜನಕ್ಕೂ ಸೊನ್ನೆ. ಈ ಸಲ ಯಂತ್ರ ಸರಿಯಿದೆ, ಸನ್ಯಾಸಿ ಸರಿಯಿದ್ದಾನೆ, ಸೊನ್ನೆ ನಿಜವಾದ ಸೊನ್ನೆ. ಊಟದ ಡಬ್ಬಿಗೆ, ಸೈಕಲ್ ಸೀಟಿಗೆ, ನಮ್ಮ ಮನೆಯ ಗೋಡೆಗೆ ಏನೂ ತಾಗಿಲ್ಲ. ಬಿಲ್ಲೆ ಹಾಕಿಕೊಳ್ಳುತ್ತಿಲ್ಲ ಅಂತ ಮ್ಯಾನೇಜರಿಗೆ ಹೇಳಿದೆ. ‘ನೀವು ಕಣ್ಣಾರೆ ನೋಡಿದ್ದೀರಾ? ಯಾರು ಅಂತ ಹೆಸರು ಬರೆದುಕೊಡಿ’ ಅಂದರು. ಕಣ್ಣಾರೆ ನೋಡಿರುವುದು ಒಬ್ಬರದು. ಆ ಹೆಸರು ಬರೆಯಲು ನನ್ನಿಂದ ಆಗಲಿಲ್ಲ. ಹದಿನಾರು ಸೊನ್ನೆಗೂ ಸಹಿ ಹಾಕಿದೆ.

ಇಡೀ ಕಾರ್ಖಾನೆಯಲ್ಲಿ ಸೊನ್ನೆ ಬಾರದ್ದು ನನ್ನ ಬಿಲ್ಲೆ ಒಂದೇ. ಕೊಲ್ಲುವಷ್ಟಲ್ಲ, ಸೊನ್ನೆಯೂ ಅಲ್ಲ. ಪುಸ್ತಕದಲ್ಲಿ ನನಗೆ ಕಾಲಂ ಇಲ್ಲವಾದ್ದರಿಂದ ಎಲ್ಲಿಯೂ ಬರೆದಿಲ್ಲ. ನಿನಗೆ ಮಾತ್ರ ಹೇಳುತ್ತಿದ್ದೇನೆ. ಪತ್ರಿಕೆಗೆ ಬೇಡ. ನೀನು ಹಾಕುವ ಸ್ಥಿತಿಯಲ್ಲಿಲ್ಲ ಅಂತಲೂ ಗೊತ್ತು.

ಇವತ್ತು ಬೆಳಿಗ್ಗೆ ಕೋಟನ್ನು ಒಗೆಯಲು ಹಾಕುವಾಗ ಇವರ ಕಣ್ಣಿಗೆ ಆ ಬಿಲ್ಲೆ ಬಿತ್ತು. ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು, ‘ನಿನಗ್ಯಾಕೆ ಇದು?’ ಅಂದರು. ಹೇಳಿದೆ. ಕುರ್ಚಿ, ಗೋಡೆ, ಬಿಳಿ ಕಣ, ಎಲ್ಲ. ಇವರು ಸ್ಟೂಲಿನ ಮೇಲೆ ಕೂತುಬಿಟ್ಟರು. ಈಗ ಒಪ್ಪುತ್ತಾರೆ, ಈಗ ಇಬ್ಬರೂ ಹೋಗಿ ಮ್ಯಾನೇಜರಿನ ಮೇಜು ಬಡಿಯುತ್ತೇವೆ ಅಂತ ಕಾಯುತ್ತಾ ನಿಂತೆ.

ಎದ್ದು ಗಡಿಯಾರದ ಹತ್ತಿರ ಹೋದರು. ತಮ್ಮ ಬಿಲ್ಲೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಅದೇ ಮೊಳೆಗೆ ನನ್ನದನ್ನೂ ಸಿಕ್ಕಿಸಿದರು.

‘ಇಲ್ಲೇ ಇರ್ಲಿ ಬಿಡು’ ಅಂದರು. ‘ನಿನ್ನದೂ ಸೊನ್ನೆ ಬರತ್ತೆ. ಇಲ್ದಿದ್ರೆ ನಿನ್ನನ್ನೂ ತೆಗೆದುಬಿಡ್ತಾರೆ.’

ಇಷ್ಟು ಮೆತ್ತಗೆ ಅವರು ನನ್ನ ಹತ್ತಿರ ಮಾತಾಡಿ ಎಷ್ಟೋ ವರ್ಷವಾಗಿತ್ತು. ಅದನ್ನು ಮೊಳೆಯಿಂದ ತೆಗೆಯಲು ನನ್ನ ಕೈ ಏಳಲಿಲ್ಲ. ಬಾಗಿಲಿಗೆ ಬೀಗ ಹಾಕಿ, ಎರಡು ಬಿಲ್ಲೆಯನ್ನೂ ಮನೆಯಲ್ಲೇ ಬಿಟ್ಟು, ಇಬ್ಬರೂ ಕೆಲಸಕ್ಕೆ ಹೋದೆವು.

ನಿನ್ನ ಅಕ್ಕ